ಅಕ್ರೋಟಿನ ಕೈ

ಬೆಳಿಗ್ಗೆ ಎಂಟಕ್ಕೆ ಒಂದನೇ ಕ್ಲಾಸಿನ ‘ಬ’ ವಿಭಾಗದಲ್ಲಿ ಕೈ ನೋಡುತ್ತಿದ್ದರು. ಭವಿಷ್ಯ ಹೇಳುವುದಕ್ಕಲ್ಲ. ತೀರ್ಮಾನ ಮಾಡುವುದಕ್ಕೆ.

“ಅಂಗೈ ಮೇಲೆ!” ಎನ್ನುತ್ತಿದ್ದರು ತೊತುಗುಲ್ ಎಜೆಕೆ. ಇಪ್ಪತ್ತೇಳು ಮಕ್ಕಳು ಅಂಗೈ ತೋರಿಸುತ್ತಿದ್ದರು. “ಅಂಗೈ ಕೆಳಗೆ!” ಇಪ್ಪತ್ತೇಳು ಮಕ್ಕಳು ಉಗುರು ತೋರಿಸುತ್ತಿದ್ದರು. ಟೀಚರನ್ನು ಎಜೆಕೆ, ಅಂದರೆ ಅಕ್ಕಾ, ಅಂತ ಕರೆಯಬೇಕು ಎನ್ನುವುದು ಮೊದಲ ದಿನದ ಪಾಠ. ಅಕ್ಕ ತಂಗಿಯರಲ್ಲೇ ಭೇದ ಮಾಡುತ್ತಾಳೆ ಎನ್ನುವುದು ಎರಡನೆಯ ದಿನದ್ದು. ಅದು ಪುಸ್ತಕದಲ್ಲಿ ಇರಲಿಲ್ಲ.

ಪುಸ್ತಕದಲ್ಲಿ ಇಲ್ಲದ ಇನ್ನೊಂದು ಪಾಠ ಸರದಿ. ಗೋಡೆಯ ಮೇಲೆ ಇಪ್ಪತ್ತೇಳು ಹೆಸರಿನ ಪಟ್ಟಿ. ಪಟ್ಟಿಯ ಅಂಚಿಗೆ ಬಟ್ಟೆ ಒಣಹಾಕುವ ಒಂದು ಕ್ಲಿಪ್ಪು. ಸೋಮವಾರ ಸೋಮವಾರ ಕ್ಲಿಪ್ಪು ಒಂದು ಹೆಸರು ಕೆಳಗಿಳಿಯುತ್ತದೆ. ಯಾರ ಹೆಸರಿಗೆ ಕ್ಲಿಪ್ಪೋ ಆ ವಾರ ಅವರು ಸಾನಿತಾರ್. ತೋಳಿಗೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಕೆಂಪು ಪ್ಲಸ್ಸು. ಸಾನಿತಾರ್ ಸಾಲು ಸಾಲಾಗಿ ನಡೆದು ಎಲ್ಲರ ಕೈ ನೋಡಬೇಕು. ಶುಚಿಯಾಗಿದ್ದರೆ ಹಲಗೆಯ ಮೇಲೆ ಪ್ಲಸ್ಸು, ಕೊಳಕಾಗಿದ್ದರೆ ಮೈನಸ್ಸು. ಊಟದ ಕೋಣೆಯ ಬಾಗಿಲಲ್ಲೂ ಅವರದೇ ದರ್ಬಾರು. ಮಾತು ತೊದಲುವ ಇಲಿಮನಿಗೂ ಸರದಿ, ಮೂಗು ಸೋರುವ ಕನಿಕೆಯ್‌ಗೂ ಸರದಿ.

“ಸರದಿ ಅಂದ್ರೆ ಸರದಿ ಮಕ್ಕಳೇ. ದೊಡ್ಡೋರ ಮಗ, ಚಿಕ್ಕೋರ ಮಗ ಅಂತ ಇಲ್ಲ” ಎಂದಿದ್ದರು ಎಜೆಕೆ.

ಜೈರಾನ ಅದನ್ನು ನಂಬಿಬಿಟ್ಟಳು. ಆರು ವರ್ಷಕ್ಕೆ ನಂಬುವುದು ತಪ್ಪಲ್ಲ. ಮನೆಗೆ ಬಂದವಳೇ ತಲೆದಿಂಬುಗಳನ್ನು ಸಾಲಾಗಿ ಕೂರಿಸಿ, ಎಜೆಕೆಯ ಹಾಗೇ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು — ಕನ್ನಡಕ ಇರಲಿಲ್ಲ, ಮೂಗು ಇತ್ತು — ಪಾಠ ಮಾಡುತ್ತಿದ್ದಳು. “ಬಾಯಿಗೆ ಬೀಗ! ಕೀಲಿ ಎಲ್ಲಿ? ಜೇಬಲ್ಲಿ!” ಅವಳ ಅಮ್ಮ ಸನೋಬರ್ ಒಲೆಯ ಮುಂದೆ ಕೂತು ನಗುತ್ತಿದ್ದಳು. ನಗುತ್ತಲೇ ತಾನೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು, ಯಾಕೆಂದರೆ ದಿಂಬು ತಪ್ಪು ಹೇಳಿದರೂ ಪೆಟ್ಟು ಅಮ್ಮನಿಗೆ.

ಜೈರಾನಳ ಜನ ತಮ್ಮನ್ನು ಮುಗತ್ ಎಂದುಕೊಳ್ಳುತ್ತಾರೆ. ಪೇಟೆ ಅವರನ್ನು ಲ್ಯುಲಿ ಎನ್ನುತ್ತದೆ, ಮೂಗು ಹಿಡಿದುಕೊಂಡು. ಗುಜರಿ ಆಯುವವರು, ಬೀದಿಯಲ್ಲಿ ಕೈ ಚಾಚುವವರು, ಕೈ ನೋಡಿ ಶಕುನ ಹೇಳುವವರು. ಪೇಟೆಯ ಅಂಚಿನಲ್ಲಿ, ಒಣಗಿದ ಕಾಲುವೆಯ ಆಚೆ, ಮಣ್ಣಿನ ಮನೆಗಳು. ಆ ಕೇರಿಯಿಂದ ಈ ಶಾಲೆಯ ಒಂದನೇ ಕ್ಲಾಸಿಗೆ ಈ ವರ್ಷ ಸೇರಿದ್ದು ಜೈರಾನ ಒಬ್ಬಳೇ.

ಮೂರು ವಾರ ಹೋದಳು. ಆಮೇಲೆ ಅಕ್ರೋಟು ಬಂತು.

ಅಕ್ರೋಟು ಬಂದರೆ ಕೇರಿಗೆ ಕೇರಿಯೇ ಬೆಟ್ಟ ಹತ್ತುತ್ತದೆ. ಮೇಲಿನ ಕಾಡನ್ನು ಪಾಲು ಪಾಲಾಗಿ ಗುತ್ತಿಗೆಗೆ ಹಿಡಿದವರಿದ್ದಾರೆ. ಕೂಲಿಗೆ ಹೋದ ಗಂಡಸರು ಮರ ಹತ್ತಿ ಕೊಂಬೆ ಕುಲುಕುತ್ತಾರೆ. ಕಾಯಿ ಬೆನ್ನಿಗೆ ಬೀಳುತ್ತದೆ, ತಲೆಗೆ ಬೀಳುತ್ತದೆ, ಕೆಲವೊಮ್ಮೆ ಗಂಡಸೇ ಬೀಳುತ್ತಾನೆ. ಹೆಂಗಸರು ಮಕ್ಕಳು ಮಂಡಿಯೂರಿ ಎಲೆಯ ಅಡಿಯಿಂದ ಹೆಕ್ಕಬೇಕು. ಹೆಕ್ಕಿದ್ದರ ಹಸಿರು ಸಿಪ್ಪೆ ಬಿಡಿಸಬೇಕು. ಸಿಪ್ಪೆಯ ರಸ ಮುಟ್ಟಿದಾಗ ನೀರಿನ ಹಾಗಿರುತ್ತದೆ. ಒಂದು ಗಳಿಗೆಗೆ ಅರಿಸಿನ. ಸಂಜೆಗೆ ಚಹಾ. ಮರುದಿನ ಬೆಳಿಗ್ಗೆಗೆ ಕಣ್ಕಪ್ಪು. ಸೋಪಿಗೆ ಹೋಗುವುದಿಲ್ಲ, ಬೂದಿಗೆ ಹೋಗುವುದಿಲ್ಲ, ದೇವರಿಗೆ ಹೇಳಿಕೊಂಡರೂ ಹೋಗುವುದಿಲ್ಲ. ಚರ್ಮ ಹಳೆಯದಾಗಿ ತಾನೇ ಉದುರಬೇಕು. ಮೂರು ವಾರ.

ಮೇಲಿನ ಊರಿನಲ್ಲಿ ಆ ತಿಂಗಳು ಎಲ್ಲರ ಕೈಯೂ ಕಪ್ಪು. ಮುಲ್ಲಾನದೂ ಕಪ್ಪು, ಮೇಷ್ಟರದೂ ಕಪ್ಪು. ಅಲ್ಲಿ ಕಪ್ಪು ಕೈ ಎಂದರೆ ದುಡಿದ ಕೈ. ಕೆಳಗೆ ಪೇಟೆಯಲ್ಲಿ ಕಪ್ಪು ಕೈ ಎಂದರೆ ಲ್ಯುಲಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೆಸರು ಒಬ್ಬರಿಗೆ, ಮೊಸರು ಇನ್ನೊಬ್ಬರಿಗೆ.

ಕಾಡಿನಿಂದ ಇಳಿದ ಮರುದಿನವೇ ಸನೋಬರ್ ಮಗಳ ತಲೆಗೆ ತಲೆಗಿಂತ ದೊಡ್ಡ ಬಿಳಿ ಟೇಪಿನ ಹೂ ಕಟ್ಟಿ, ಬಿಳಿ ಏಪ್ರನ್ನು ತೊಡಿಸಿ, ಶಾಲೆಗೆ ಕರೆತಂದಳು. ಆ ವಾರದ ಸಾನಿತಾರ್ ಅರ್ಗೆನ್. ತಾಯಿ ಮಗಳು ಕಾಯಿ ಹೆಕ್ಕಿದ ಕಾಡಿನ ಗುತ್ತಿಗೆದಾರನ ಮಗ.

“ಎಜೆಕೆ, ಎಜೆಕೆ! ಇದು ಕೈಯಾ, ಕಾಲಾ?”

ಕ್ಲಾಸು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಸನೋಬರ್ ನಗಲಿಲ್ಲ. ಹಲಗೆಯ ಮೇಲೆ ಜೈರಾನಳ ಹೆಸರಿನ ಮುಂದೆ ಮೈನಸ್ಸು ಬಿತ್ತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಮುಖ್ಯೋಪಾಧ್ಯಾಯ ಸಾತಿಬಲ್ದಿ ಅಗಾಯ್, ಅಂದರೆ ಅಣ್ಣ, ಒಳಗೆ ಇಣುಕಿದರು. ಕೈ ನೋಡಿದರು. ಆಮೇಲೆ ಅಮ್ಮನನ್ನು ನೋಡಿದರು, ಅಮ್ಮನ ಕೈ ನೋಡಿದರು.

“ಏನಮ್ಮಾ ಇದು, ಶಾಲೆಯೋ ಗುಜರಿ ಅಂಗಡಿಯೋ?”

“ಅಕ್ರೋಟು ಅಗಾಯ್. ಕೊಳೆ ಅಲ್ಲ. ಮೂರು ವಾರಕ್ಕೆ ತಾನಾಗೇ ಹೋಯ್ತದೆ.”

“ಮುಂದಿನ ಗುರುವಾರ ಸುಗ್ಗಿ ಹಬ್ಬ. ಜಿಲ್ಲೆಯಿಂದ ಕಮಿಷನ್ನಿನೋರು ತಪಾಸಣೆಗೆ ಬರ್ತಾರೆ. ಅಷ್ಟರೊಳಗೆ ಕೈ ಬೆಳ್ಳಗಾಗಿರಬೇಕು. ಇಲ್ದಿದ್ರೆ ಹೆಸರು ಹೊಡೆದುಹಾಕ್ತೀನಿ. ಮಗು ಇನ್ನೂ ಶಾಲೆಗೆ ಸಿದ್ಧ ಆಗಿಲ್ಲ ಅಂತ ಬರೀತೀನಿ. ಮುಂದಿನ ವರ್ಷ ಕರ್ಕೊಂಡು ಬಾ.”

ಮುಂದಿನ ವರ್ಷ. ಆ ಮಾತು ಸನೋಬರಳಿಗೆ ಹೊಸದಲ್ಲ. ಅವಳೂ ಇದೇ ಶಾಲೆಯಲ್ಲಿ ಹನ್ನೊಂದು ದಿನ ಕೂತವಳು. ಆಗಲೂ ಅಕ್ರೋಟು. ಆಗಲೂ ಕಪ್ಪು ಕೈ. ಆಗ ಇದ್ದವರು ಬೇರೆ ಅಗಾಯ್. ಬಾಯಿ ಬೇರೆ, ಮಾತು ಇದೇ. ಅವಳಿಗೀಗ ಇಪ್ಪತ್ತೇಳು.

ಸೋಮವಾರ ಬಂತು. ಕ್ಲಿಪ್ಪು ಅರ್ಗೆನನಿಂದ ಕೆಳಗಿಳಿಯಬೇಕು. ಕೆಳಗಿನ ಹೆಸರು ಜೈರಾನ. ಕ್ಲಿಪ್ಪು ಅವಳ ಹೆಸರನ್ನು ದಾಟಿ ಕನಿಕೆಯ್ ಹೆಸರಿಗೆ ಕಚ್ಚಿಕೊಂಡಿತು.

ಜೈರಾನ ಎದ್ದು ನಿಂತಳು. “ಎಜೆಕೆ, ಕ್ಲಿಪ್ ಜಾರೈತೆ.”

“ಜಾರಿಲ್ಲ. ಕೂತ್ಕೋ.”

“ನನ್ನ ಸರದಿ.”

“ನಿನ್ನ ಕೈಯೇ ಹಾಗಿರೋವಾಗ ಬೇರೆಯೋರ ಕೈ ಏನ್ ನೋಡ್ತೀಯಾ? ಕೂತ್ಕೋ.”

ಮನೆಗೆ ಬಂದ ಜೈರಾನ ಆ ದಿನ ದಿಂಬುಗಳಿಗೆ ಪಾಠ ಮಾಡಲಿಲ್ಲ. ಅಮ್ಮನ ಮುಂದೆ ಎರಡೂ ಕೈ ಚಾಚಿದಳು. “ತೊಳಿ.”

ಸನೋಬರ್ ನಿಂಬೆ ಉಜ್ಜಿದಳು. ಉಪ್ಪು ಉಜ್ಜಿದಳು. ವಿನೆಗರ್ ಉಜ್ಜಿದಳು. ಬೂದಿ, ಮರಳು, ಕಲ್ಲು. ಕೊನೆಗೆ ಪಕ್ಕದ ಮನೆಯಿಂದ ಬ್ಲೀಚಿಂಗ್ ಪೌಡರ್ ತಂದು ಬಿಸಿನೀರಿಗೆ ಕದಡಿ, ಆ ಪುಟ್ಟ ಕೈಗಳನ್ನು ಬಕೆಟ್ಟಿಗೆ ಅದ್ದಿ ಹಿಡಿದಳು. ಜೈರಾನ ಹಲ್ಲು ಕಚ್ಚಿಕೊಂಡಳು. ಆಮೇಲೆ ಕೂಗಿದಳು. ಆಮೇಲೆ ಎಜೆಕೆಯ ದನಿಯಲ್ಲಿ ತನಗೆ ತಾನೇ “ಬಾಯಿಗೆ ಬೀಗ! ಕೀಲಿ ಎಲ್ಲಿ?” ಎಂದಳು. ಸನೋಬರ್ ಕೈ ಎತ್ತಿ ನೋಡಿದಳು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಕೆಂಪಿನ ಸುತ್ತ ಕಪ್ಪು ಹಾಗೇ ಇತ್ತು.

ಸನೋಬರ್ ಬಕೆಟ್ಟನ್ನು ಒದ್ದಳು. ನೀರು ಅಂಗಳ ದಾಟಿ ಬೀದಿಗೆ ಹರಿಯಿತು.

“ಸಾಕು” ಎಂದಳು. “ಅವರ ಕಣ್ಣಿಗೆ ಬಣ್ಣ ಕಂಡ್ರೆ ಅವರ ಕಣ್ಣು ತೊಳ್ಕಳ್ಲಿ.”

ಮಗಳ ಕೈಗೆ ಬೆಣ್ಣೆ ಹಚ್ಚಿ ಬಟ್ಟೆ ಸುತ್ತಿದಳು.

ಬುಧವಾರ ಎಜೆಕೆ ಗೇಟಿನ ಹತ್ತಿರ ಸನೋಬರಳನ್ನು ಪಕ್ಕಕ್ಕೆ ಕರೆದರು. “ನೋಡಮ್ಮಾ, ನಾಳೆ ಒಂದಿನ ಅವಳನ್ನ ಮನೇಲೇ ಇರಿಸ್ಕೊ. ಜ್ವರ ಅನ್ನು. ಅಗಾಯ್ ಕಣ್ಣಿಗೆ ಬೀಳೋದು ಬೇಡ. ಆಮೇಲೆ ನೋಡೋಣ. ನನಗೂ ಕೆಲಸ ಉಳೀಬೇಕಲ್ವಾ?”

“ಜ್ವರ ಇಲ್ಲ ಎಜೆಕೆ.”

“ಇದೆ ಅನ್ನು ಅಂದೆ.”

“ಇಲ್ದಿದ್ದನ್ನ ಇದೆ ಅನ್ನಾಕೆ ಒಂದನೇ ಕ್ಲಾಸ್ನಲ್ಲಿ ಹೇಳ್ಕೊಡ್ತೀರಾ?”

ಗುರುವಾರ ಸನೋಬರ್ ಮಗಳ ಕೈ ಹಿಡಿದು ಬಂದೇಬಿಟ್ಟಳು. ಎಜೆಕೆ ಅತ್ತಿತ್ತ ನೋಡಿದರು. ಜೈರಾನಳನ್ನು ಖಾಲಿ ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೂರಿಸಿದರು. “ಕೈಕಟ್ಟಿ ಕೂತಿರು. ಹೊರಗೆ ತಲೆ ಹಾಕ್ಬೇಡ.” ಸನೋಬರ್ ಹೋಗಲೊಲ್ಲಳು. ಆಗ ಪೋಷಕರ ಸಮಿತಿಯ ಬುರುಲ್ಚಾ ಬಂದಳು. ಅರ್ಗೆನನ ಅಮ್ಮ. ಹತ್ತು ಬೆರಳಿಗೆ ಆರು ಉಂಗುರ.

“ಅಯ್ಯೋ, ಸುಮ್ನೆ ಯಾಕ್ ನಿಂತಿದೀಯಾ? ಹಿಂದುಗಡೆ ಪುಲಾವು ತೆಗೆದಿಟ್ಟ ಕಡಾಯಿ ಬಿದ್ದಿದೆ. ಉಜ್ಜಿಕೊಡು. ಪುಣ್ಯ ಬರುತ್ತೆ.”

ಕಡಾಯಿ ಉಜ್ಜುವ ಕೈಯ ಬಣ್ಣವನ್ನು ಯಾವ ಸಾನಿತಾರನೂ ನೋಡಲಿಲ್ಲ. ಮಗಳ ಕ್ಲಾಸಿನ ಕಿಟಕಿ ಹಿತ್ತಲಿನಿಂದ ಕಾಣುತ್ತಿತ್ತು. ಅದಕ್ಕಾಗಿ ಸನೋಬರ್ ಕೂತಳು. ನಲವತ್ತು ಜನರ ಕಡಾಯಿ. ಒಳಗೆ ಬಗ್ಗಿ ಉಜ್ಜಬೇಕು. ಬೆನ್ನು ಬಾಗಿ, ತಲೆ ಕಡಾಯಿಯೊಳಗೆ. ಅಂಗಳದಲ್ಲಿ ಮೈಕು ಕೂಗುತ್ತಿತ್ತು.

“ಮಾನ್ಯ ಅತಿಥಿಗಳೇ!” ಅದು ಅಗಾಯ್ ದನಿ. “ಇದು ನಮ್ಮ ಕಾಡಿನ ಚಿನ್ನ! ಒಂದನೇ ಕ್ಲಾಸಿನ ‘ಬ’ ವಿಭಾಗದ ಮೇಜು ನೋಡಿ! ಹಸಿರು ಸಿಪ್ಪೆ ಸಮೇತ ತಾಜಾ ಅಕ್ರೋಟು!”

“ನಮ್ಮ ಕೈಯಾರೆ ಹೆಕ್ಕಿದ್ದು” ಎಂದಳು ಬುರುಲ್ಚಾ ಮೈಕಿನಲ್ಲಿ. ಚಪ್ಪಾಳೆ.

ಸನೋಬರ್ ಕಡಾಯಿಗೆ ತಲೆ ಹಾಕಿಯೇ ಬೈದಳು. ಕಡಾಯಿ ಅದನ್ನೇ ಎರಡು ಸಲ ಹೇಳಿತು.

ಸಂಜೆ ನಾಲ್ಕಕ್ಕೆ ತಾಯಿ ಮಗಳು ಕಾಲುವೆಯ ದಾರಿ ಹಿಡಿದರು. ಜೈರಾನ ಕುಣಿದುಕೊಂಡು ನಡೆಯುತ್ತಿದ್ದಳು.

“ಅಮ್ಮಾ, ಇವತ್ತು ನಾನು ಕ್ಲಾಸ್ ತಗಂಡೆ.”

“ಒಬ್ಳೇನಾ?”

“ಎಲ್ಲಾರೂ ಬಂದ್ರು, ಹಬ್ಬದ ಬುಟ್ಟಿ ಹೊತ್ಕಂಡು. ದೊಡ್ಡೋರೆಲ್ಲ ಪುಲಾವ್ ತಿನ್ನಾಕೆ ಹೋದ್ರು. ‘ಬುಟ್ಟಿ ಒಳಗಿಡಿ, ಗಲಾಟೆ ಮಾಡ್ಬೇಡಿ, ಎಜೆಕೆಗೆ ಈಗ ಕಮಿಷನ್ನು!’” ಎಜೆಕೆಯ ಧಾವಂತದ ನಡಿಗೆ ಅವಳ ಕಾಲಿಗೆ ಬಂದಿತ್ತು. “ಬುಟ್ಟಿ ತುಂಬ ಹಸಿರು ಅಕ್ರೋಟು. ಕನಿಕೆಯ್ ಕೇಳಿದ್ಲು, ನಿನ್ನ ಬಣ್ಣ ನಂಗೂ ಬತ್ತದಾ ಅಂತ. ಎಲ್ಲಾರ್ಗೂ ಬತ್ತದೆ, ಸರದಿ ಪ್ರಕಾರ ಬನ್ನಿ ಅಂದೆ.”

ಸನೋಬರ್ ನಿಂತಳು. “ಏನ್ ಮಾಡ್ದೆ?”

“ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ಸಿಪ್ಪೆ ಸುಲಿಯಾದು ಹೇಳ್ಕೊಟ್ಟೆ. ಹೆಬ್ಬೆಟ್ಟು ಹಿಂಗೆ ಒತ್ತಿ, ಹಿಂಗೆ ತಿರುವಬೇಕು. ಅರ್ಗೆನ್‌ಗೆ ಸುಲಿಯಾಕೇ ಬರಲ್ಲ ಅಮ್ಮಾ! ಅವರಪ್ಪನ ಕಾಡಂತೆ, ಕಾಯಿ ಮರದಾಗೆ ಬೆಳ್ಳಗೇ ಬಿಡ್ತದೆ ಅಂದ್ಕಂಡಿದ್ದ. ನಾನು ‘ಅಂಗೈ ಮೇಲೆ! ಅಂಗೈ ಕೆಳಗೆ!’ ಅಂದೆ. ಮೊಣಕೈ ತನಕ ಹಚ್ಕಂಡ. ಎಲ್ಲಾರ್ಗೂ ಪ್ಲಸ್ ಹಾಕ್ದೆ.”

“ಎಲ್ಲಾರೂ ಅಂದ್ರೆ?”

“ಇಪ್ಪತ್ತಾರು. ನಂಗೆ ಎಣ್ಸಾಕೆ ಬತ್ತದೆ.” ಆಮೇಲೆ ಜೈರಾನಳ ದನಿ ತಗ್ಗಿತು. “ಎಜೆಕೆ ಬಂದು ಕೂಗಾಡಿದ್ರು. ನಲ್ಲಿ ಹತ್ರ ಎಳ್ಕಂಡು ಹೋಗಿ ಒಬ್ಬೊಬ್ಬರ ಕೈನೂ ಉಜ್ಜಿದ್ರು. ಗಾಬರೀಲಿ ನಂದೂ ಉಜ್ಜಿದ್ರು. ಅವರು ನನ್ನ ಮುಟ್ಟಿದ್ದು ಇದೇ ಫಸ್ಟು.”

ಸನೋಬರಳಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ಕಾಲುವೆಯ ದಡದಲ್ಲಿ ಕೂತುಬಿಟ್ಟಳು. ಇಪ್ಪತ್ತಾರು ಮನೆಯಲ್ಲಿ ಈಗ ಕೈ ಅರಿಸಿನ. ಈಗ ಚಹಾ. ಬೆಳಿಗ್ಗೆಗೆ. ನಗು ಅಲ್ಲೇ ನಿಂತಿತು. ಬೆಳಿಗ್ಗೆಗೆ ಹೆಸರು ಹೊಡೆಯುತ್ತಾರೆ.

ಮರುದಿನ ಕಾರಿಡಾರು ಸಂತೆಯಾಗಿತ್ತು. ಅಮ್ಮಂದಿರು, ಅಪ್ಪಂದಿರು, ಒಂದಿಬ್ಬರು ಅಜ್ಜಂದಿರು. ಮಕ್ಕಳನ್ನು ಕ್ಲಾಸಿಗೆ ತಳ್ಳಿ ದೊಡ್ಡವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಬುರುಲ್ಚಾಳ ಕೂಗು ಗೇಟಿನವರೆಗೆ ಬರುತ್ತಿತ್ತು. ಸನೋಬರ್ ಮಗಳೊಂದಿಗೆ ಬಂದದ್ದನ್ನು ಕಂಡು ಆ ಕೂಗಿಗೆ ದಿಕ್ಕು ಸಿಕ್ಕಿತು.

“ಬಂದ್ಲು ನೋಡಿ! ನಿಮ್ಮ ರೋಗ ನಮ್ಮ ಮಕ್ಕಳಿಗೆ ಅಂಟ್ಸಿದ್ಯಲ್ಲೇ! ನನ್ನ ಮಗನ ಕೈ ನೋಡು, ಲ್ಯುಲಿ ಕೈ ಆಗೋಗಿದೆ!”

“ಹೌದಾ? ಹಂಗಾದ್ರೆ ಕಾಯಿ ಹೆಕ್ಕಾಕೆ ಕಳ್ಸಿ. ಕೈ ಸಿದ್ಧ ಆಗೈತೆ” ಎಂದಳು ಸನೋಬರ್.

ಒಬ್ಬ ಅಜ್ಜ ಕೆಮ್ಮಿದ. ಅದು ಕೆಮ್ಮಲ್ಲ, ನಗು.

ಸಾತಿಬಲ್ದಿ ಅಗಾಯ್ ಎರಡೂ ಕೈ ಎತ್ತಿ ಗುಂಪನ್ನು ಸಮಾಧಾನ ಮಾಡುತ್ತಿದ್ದರು. “ಏನೂ ಆಗಿಲ್ಲ ತಾಯಂದಿರಾ, ಏನೂ ಆಗಿಲ್ಲ. ಅಕ್ರೋಟಿನ ಸಿಪ್ಪೆ ಅಷ್ಟೆ. ಇದು ಕೊಳೆ ಅಲ್ಲ, ಕಾಯಿಲೆ ಅಲ್ಲ. ಪ್ರಕೃತಿ! ಮೂರು ವಾರದಲ್ಲಿ ತಾನಾಗೇ ಹೋಗುತ್ತೆ. ದಯವಿಟ್ಟು ಯಾರೂ ಮಕ್ಕಳ ಕೈ ಉಜ್ಜಕ್ಕೆ ಹೋಗ್ಬೇಡಿ. ಎಳೇ ಚರ್ಮ. ಸುಲಿದುಹೋಗುತ್ತೆ.”

ಸನೋಬರ್ ಮಗಳ ಕೈಗೆ ಮತ್ತೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಸಂದಿಗಳಲ್ಲಿ ಹಕ್ಕಳೆ ಕಟ್ಟಿತ್ತು.

“ಅಗಾಯ್. ಇನ್ನೊಂದ್ಸಲ ಹೇಳಿ.”

“ಏನು?”

“ಈಗ ಹೇಳಿದ್ರಲ್ಲ. ಎಳೇ ಚರ್ಮ ಅಂತ. ಇನ್ನೊಂದ್ಸಲ ಹೇಳಿ. ಈ ಕೈ ನೋಡ್ಕಂಡು ಹೇಳಿ.”

ಅಗಾಯ್ ನೋಡಲಿಲ್ಲ. ಕೋಟಿನ ಜೇಬಿನಿಂದ ಪೆನ್ನು ತೆಗೆದರು. “ನಿನ್ನ ವಿಷಯ ಬೇರೆ. ಇಡೀ ಕ್ಲಾಸು ಕೆಡಿಸಿದೋಳು ಇವಳು. ಕರ್ಕೊಂಡು ಹೊರಡು. ಹೆಸರು ಹೊಡೀತೀನಿ. ಮುಂದಿನ ವರ್ಷ ನೋಡೋಣ.”

“ನಂಗೂ ಹಿಂಗೇ ಅಂದಿದ್ರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.” ಸನೋಬರ್ ಬಾಗಿಲಿಗೆ ಅಡ್ಡ ನಿಂತಳು. ಒಂದು ಕೈ ಈ ಚೌಕಟ್ಟಿಗೆ, ಒಂದು ಕೈ ಆ ಚೌಕಟ್ಟಿಗೆ. ಕಂಕುಳ ಕೆಳಗಿನಿಂದ ಮಗಳನ್ನು ಕ್ಲಾಸಿಗೆ ತೂರಿಸಿದಳು. “ಕಪ್ಪು ಕೈಗೆ ಹೆಸರು ಹೊಡಿಯಾದಾದ್ರೆ ಇಪ್ಪತ್ತೇಳೂ ಹೊಡೀರಿ. ಮೊದಲು ಅರ್ಗೆನನಿಂದ ಶುರು ಮಾಡಿ. ‘ಅ’ ಮೊದಲಲ್ವಾ? ಅಷ್ಟು ನಂಗೂ ಗೊತ್ತು.”

“ದಾರಿ ಬಿಡು.”

“ಬಿಡಲ್ಲ.”

“ಪೊಲೀಸ್‌ಗೆ ಫೋನ್ ಮಾಡ್ತೀನಿ.”

“ಮಾಡಿ. ಅವರೂ ಬಂದು ಕೈ ತೋರ್ಸಲಿ.”

ಒಳಗೆ ತೊತುಗುಲ್ ಎಜೆಕೆ ಹಲಗೆಗೆ ಬೆನ್ನು ಆನಿಸಿ, ಕೈ ಹಿಂದೆ ಕಟ್ಟಿ ನಿಂತಿದ್ದರು. ಬಾಯಿಗೆ ಬೀಗ. ಜೈರಾನ ಅವರ ಮುಂದೆಯೇ ಹಾದು ಗೋಡೆಯ ಪಟ್ಟಿಯ ಹತ್ತಿರ ಹೋದಳು. ಕ್ಲಿಪ್ಪು ಎಟುಕಲಿಲ್ಲ. ಕುರ್ಚಿ ಎಳೆದಳು. ಹತ್ತಿದಳು.

“ಈ ವಾರ ಸರದಿ ಯಾರ್ದು?” ಎಂದಳು. ದನಿ ಎಜೆಕೆಯದೇ.

 ಕನಿಕೆಯ್ ಮೂಗು ಒರೆಸಿಕೊಂಡಳು. ತೋಳಿನ ಪಟ್ಟಿ ಅವಳ ಹತ್ತಿರ ಇತ್ತು. ಬಿಚ್ಚಿ ಮುಂದೆ ಹಿಡಿದಳು. “ನಿಂದು. ನನ್ನದು ಮುಂದಿನ ವಾರ.”

“ನಿ-ನಿ-ನಿಂದು” ಎಂದ ಇಲಿಮ್.

ಆಮೇಲೆ ಎಲ್ಲರೂ. ಸರದಿ ಅಂದರೆ ಸರದಿ ಎಂದು ಕಲಿತ ಮಕ್ಕಳು. ದೊಡ್ಡವರು ಅದನ್ನು ಸುಮ್ಮನೆ ಹೇಳುತ್ತಾರೆ ಎನ್ನುವುದು ಎರಡನೇ ಕ್ಲಾಸಿನ ಪಾಠ. ಇವರು ಅಲ್ಲಿಗೆ ಇನ್ನೂ ಬಂದಿರಲಿಲ್ಲ.

ಜೈರಾನ ಕ್ಲಿಪ್ಪನ್ನು ಮೇಲೆ ಸರಿಸಿ ತನ್ನ ಹೆಸರಿಗೆ ಕಚ್ಚಿಸಿದಳು. ಪಟ್ಟಿ ತೊಟ್ಟಳು.

“ಅಂಗೈ ಮೇಲೆ!”

ಐವತ್ತೆರಡು ಕರಿ ಅಂಗೈ ಎದ್ದವು. ಬಾಗಿಲಲ್ಲಿ ನಿಂತವರು ಕತ್ತು ಚಾಚಿದರು. ಯಾರ ಕೈ ಯಾರದು ಎಂದು ಹೆತ್ತವರಿಗೇ ತಿಳಿಯದಷ್ಟು ಕಪ್ಪು. ಜೈರಾನ ಸಾಲು ಸಾಲಾಗಿ ನಡೆದಳು. ಬಗ್ಗಿ ನೋಡಿದಳು. ಅರ್ಗೆನನ ಮೊಣಕೈ ತಿರುಗಿಸಿ ನೋಡಿದಳು. “ಉಗುರು ಕತ್ತರಿಸ್ಕೋ” ಎಂದಳು. ಹಲಗೆಗೆ ಬಂದು ಪ್ಲಸ್ಸು ಹಾಕಿದಳು. ಪ್ಲಸ್ಸು. ಪ್ಲಸ್ಸು. ಪ್ಲಸ್ಸು. ಇಪ್ಪತ್ತಾರು ಹಾಕಿ, ತನ್ನ ಹೆಸರಿನ ಮುಂದಿದ್ದ ಹಳೆಯ ಮೈನಸ್ಸಿಗೆ ಒಂದು ನೆಟ್ಟಗಿನ ಕಡ್ಡಿ ಎಳೆದಳು. ಅದೂ ಪ್ಲಸ್ಸಾಯಿತು.

“ಎಜೆಕೆ, ನಿಮ್ದು?”

ತೊತುಗುಲ್ ಎಜೆಕೆ ಅಗಾಯ್ ಕಡೆ ನೋಡಿದರು. ಆಮೇಲೆ ಬೆನ್ನ ಹಿಂದಿನಿಂದ ಕೈ ಮುಂದೆ ಬಂದವು. ನಿನ್ನೆ ಇಪ್ಪತ್ತೇಳು ಮಕ್ಕಳ ಕೈ ಉಜ್ಜಿದ ಕೈ. ಮಣಿಕಟ್ಟಿನವರೆಗೆ ಕಪ್ಪು.

ಎಜೆಕೆಯ ಹೆಸರು ಹಲಗೆಯ ಮೇಲೆ ಇರಲಿಲ್ಲ. ಜೈರಾನ ಕೆಳಗೆ ಅದನ್ನೂ ಬರೆದು ಪ್ಲಸ್ಸು ಹಾಕಿದಳು. ಅಕ್ಷರ ಒಂದೆರಡು ಉಲ್ಟಾ ಆಯಿತು. ಯಾರೂ ತಿದ್ದಲಿಲ್ಲ.

ಆಮೇಲೆ ಬಾಗಿಲಿಗೆ ಬಂದಳು. ಸನೋಬರ್ ಚೌಕಟ್ಟು ಬಿಟ್ಟಿರಲಿಲ್ಲ. ಮಗಳು ಅಮ್ಮನ ತೋಳಿನ ಕೆಳಗಿನಿಂದ ತಲೆ ಹೊರಗೆ ಹಾಕಿ ಕತ್ತು ಮೇಲೆತ್ತಿದಳು.

“ಅಗಾಯ್, ಅಂಗೈ ಮೇಲೆ.”

ಕಾರಿಡಾರಿನ ಕಣ್ಣೆಲ್ಲ ಅಗಾಯ್ ಮೇಲೆ ಬಿತ್ತು. ಸಾತಿಬಲ್ದಿ ಅಗಾಯ್ ಪೆನ್ನು ಹಿಡಿದ ಕೈಯನ್ನು ಕೋಟಿನ ಜೇಬಿಗೆ ಇಳಿಸಿದರು. ಇನ್ನೊಂದನ್ನು ಇನ್ನೊಂದು ಜೇಬಿಗೆ.

ಜೈರಾನ ಕಾದಳು. ಒಂದನೇ ಕ್ಲಾಸಿನಲ್ಲಿ ಕಾಯುವುದನ್ನೂ ಕಲಿಸಿರುತ್ತಾರೆ.

“ಕೈ ತೋರಿಸದೆ ಇದ್ರೆ ಮೈನಸ್” ಎಂದಳು.

ಪೆನ್ನು ಜೇಬಿನೊಳಗೇ ಇತ್ತು. ಹೆಸರು ಹೊಡೆಯಬೇಕಾದರೆ ಕೈ ಹೊರಗೆ ಬರಬೇಕು. ಬರಲಿಲ್ಲ.